ಗೋಲು ತಡೆಯುವವರಿಗೂ ಎರಡು ಪುಟ ಇರಲಿ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: 'ಹೋದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಕಾಲಿನ್ ಹೆಂಡ್ರಿಗೆ ಎರಡು ಪುಟ ಕೊಟ್ಟಿದ್ದೀರಿ. ಇಂಗ್ಲೆಂಡಿನ ಗ್ಯಾಸ್ಕೊಯಿನ್ ಆತನ ತಲೆ ಮೇಲಿಂದ ಚೆಂಡು ಹಾರಿಸಿ ಗೋಲು ಹೊಡೆದದ್ದು ಬಿಟ್ಟರೆ ಹೆಂಡ್ರಿ ಯಾರಿಗೆ ನೆನಪಿದ್ದಾನೆ? ಕ್ಲಬ್ಬಿಂದ ಕ್ಲಬ್ಬಿಗೆ ಅಲೆದ ಡಿಫೆಂಡರ್‌ಗೆ ಇಷ್ಟು ಜಾಗ ಬೇಕಿತ್ತಾ?'

ಬೇಕಿತ್ತು ಸರ್. ಎರಡು ಪುಟ ಕಡಿಮೆಯಾಯಿತು ಅಂತಲೇ ನನಗೆ ಅನ್ನಿಸುತ್ತಿದೆ.

ಆ ಗೋಲು ಚೆಂದದ್ದು, ಒಪ್ಪಿದೆ. 1996ರ ಜೂನ್ 15, ಲಂಡನ್ನಿನ ವೆಂಬ್ಲಿ ಮೈದಾನ, ಯೂರೋ ಕಪ್ಪಿನಲ್ಲಿ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯ. ಗ್ಯಾಸ್ಕೊಯಿನ್ ಎಡಗಾಲಲ್ಲಿ ಚೆಂಡನ್ನು ಎತ್ತಿ ಹಾಕಿದರು, ಅದು ನೆಲ ಮುಟ್ಟುವ ಮೊದಲೇ ಬಲಗಾಲಲ್ಲಿ ಒದ್ದರು. ತಿರುಗಲು ಹೋದ ಹೆಂಡ್ರಿ ಜಾರಿದರು. ಅದರ ಹಿಂದಿನ ನಿಮಿಷ ನೋಡಿದ್ದೀರಾ? ಸ್ಕಾಟ್ಲೆಂಡಿಗೆ ಸಿಕ್ಕಿದ್ದ ಪೆನಾಲ್ಟಿಯನ್ನು ಮೆಕಾಲಿಸ್ಟರ್ ಒದ್ದರು, ಇಂಗ್ಲೆಂಡಿನ ಗೋಲ್‌ಕೀಪರ್ ಸೀಮನ್ ತಡೆದರು. ಆ ಪೆಟ್ಟಿನಿಂದ ತಂಡ ಸುಧಾರಿಸಿಕೊಳ್ಳುವ ಮೊದಲೇ ಇಂಗ್ಲೆಂಡ್ ನುಗ್ಗಿತ್ತು. ವಿಡಿಯೋ ತುಣುಕಿನಲ್ಲಿ ಇದ್ಯಾವುದೂ ಇರಲ್ಲ, ಬಿದ್ದ ಹೆಂಡ್ರಿ ಮಾತ್ರ ಇರುತ್ತಾರೆ.

ಈಗ ಇನ್ನೊಂದು ಲೆಕ್ಕ ನೋಡಿ. ಆ ಯೂರೋ ಕಪ್ಪಿಗೆ ಅರ್ಹತೆ ಪಡೆಯಲು ಸ್ಕಾಟ್ಲೆಂಡ್ 10 ಪಂದ್ಯ ಆಡಿತು. ಬಿಟ್ಟುಕೊಟ್ಟದ್ದು 3 ಗೋಲು. 1998ರ ವಿಶ್ವಕಪ್ ಅರ್ಹತೆಗೂ 10 ಪಂದ್ಯ, ಮತ್ತೆ 3 ಗೋಲು. ಈ ತಂಡದ ರಕ್ಷಣೆಯ ನಡುವೆ ನಿಂತವರು ಹೆಂಡ್ರಿ. ಪ್ಯಾರಿಸ್ ಬಳಿ ಬ್ರೆಜಿಲ್ ಎದುರು ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ನಾಯಕರೂ ಅವರೇ. ಸ್ಕಾಟ್ಲೆಂಡ್ ಸೋತದ್ದು 2–1ರಲ್ಲಿ, ಅದೂ ತಮ್ಮದೇ ಆಟಗಾರನಿಗೆ ತಾಗಿ ಒಳಗೆ ಹೋದ ಚೆಂಡಿನಿಂದ.

ಅಲೆದಾಟದ ಮಾತಿಗೆ ಬರೋಣ. ಸ್ಕಾಟ್ಲೆಂಡಿನ ಡಂಡಿ ಕ್ಲಬ್ಬಿನಲ್ಲಿ ಹೆಂಡ್ರಿ ಫಾರ್ವರ್ಡ್, ಅಂದರೆ ಗೋಲು ಹೊಡೆಯುವ ಮುಂಚೂಣಿ ಆಟಗಾರ, ಆಗಿದ್ದರು. 1987ರಲ್ಲಿ ಇಂಗ್ಲೆಂಡಿನ ಕ್ಲಬ್ ಬ್ಲ್ಯಾಕ್‌ಬರ್ನ್‌ಗೆ ಬಂದ ಮೇಲೆ ಡಿಫೆಂಡರ್ ಆದರು. ಜೀವನದ ಮಧ್ಯದಲ್ಲಿ ಕೆಲಸ ಬದಲಿಸಿಕೊಂಡು ಅದರಲ್ಲೇ ಹೆಸರು ಮಾಡುವುದು ಸುಮ್ನೆ ಮಾತಲ್ಲ. 1989ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋದರು, 1991ರಲ್ಲಿ ಮತ್ತೆ ಬ್ಲ್ಯಾಕ್‌ಬರ್ನ್‌ಗೇ ಬಂದರು. ಆಗ ಆ ಕ್ಲಬ್ ಎರಡನೇ ದರ್ಜೆಯಲ್ಲಿತ್ತು. 1995ರಲ್ಲಿ ಅದೇ ಕ್ಲಬ್ ಮೊದಲ ದರ್ಜೆಯ ಪ್ರೀಮಿಯರ್ ಲೀಗ್ ಗೆದ್ದಿತು, ಮ್ಯಾಂಚೆಸ್ಟರ್ ಯುನೈಟೆಡ್‌ಗಿಂತ ಒಂದೇ ಅಂಕ ಜಾಸ್ತಿ. ಆ ತಂಡದ ಫಾರ್ವರ್ಡ್ ಶಿಯರರ್ ಅವರ 34 ಗೋಲು ಎಲ್ಲರಿಗೂ ಬಾಯಿಪಾಠ. ಆದರೆ ಆ ವರ್ಷ ಆಟಗಾರರೇ ಮತ ಹಾಕಿ ಆರಿಸಿದ ಶ್ರೇಷ್ಠ ತಂಡದಲ್ಲಿ ಹೆಂಡ್ರಿಯೂ ಇದ್ದರು. ಅವರನ್ನು ದಾಟಲು ಬೆವರು ಸುರಿಸಿದವರೇ ಹಾಕಿದ ಮತ ಅದು.

ಆಮೇಲೆ ರೇಂಜರ್ಸ್, ಕವೆಂಟ್ರಿ, ಬೋಲ್ಟನ್, ಪ್ರೆಸ್ಟನ್, ಬ್ಲ್ಯಾಕ್‌ಪೂಲ್. ಮೂವತ್ತು ದಾಟಿದ ಡಿಫೆಂಡರ್‌ನ ಬಾಳೇ ಹಾಗೆ. ಮ್ಯಾನೇಜರ್ ಬದಲಾದರೆ ಜಾಗ ಹೋಯಿತು, ಇನ್ನೊಂದು ಊರಲ್ಲಿ ಬಾಡಿಗೆ ಮನೆ ಹುಡುಕಬೇಕು. ಹೆಂಡ್ರಿ ಸಾಧು ಅಂತ ನಾನು ಹೇಳಲ್ಲ. 2001ರಲ್ಲಿ ಸ್ಯಾನ್ ಮರೀನೊ ವಿರುದ್ಧ ಎರಡು ಗೋಲು ಹೊಡೆದ ಪಂದ್ಯದಲ್ಲೇ ಎದುರಾಳಿಗೆ ಮೊಣಕೈಯಿಂದ ಗುದ್ದಿದರು. ಆರು ಪಂದ್ಯಗಳ ನಿಷೇಧ ಬಿತ್ತು, ದೇಶದ ಪರ 51 ಪಂದ್ಯ ಆಡಿದ್ದ ಅವರ ಅಂತರರಾಷ್ಟ್ರೀಯ ಆಟ ಅಲ್ಲಿಗೇ ಮುಗಿಯಿತು.

ನನ್ನ ಸಿಟ್ಟು ನಿಮ್ಮ ಮೇಲಲ್ಲ ಸರ್. ನೀವು ಪತ್ರ ಬರೆಯುವಷ್ಟಾದರೂ ಓದಿದಿರಿ. ಸಿಟ್ಟು ನಮ್ಮ ಪತ್ರಿಕೆಗಳ ಮೇಲೆ. ಸ್ಕೋರಿನ ಕೆಳಗೆ ಗೋಲು ಹೊಡೆದವರ ಹೆಸರು ಹಾಕುತ್ತೇವೆ, ಗೆರೆ ಮೇಲಿಂದ ಚೆಂಡು ತೆಗೆದವರದ್ದು ಹಾಕಲ್ಲ. ಪ್ರಶಸ್ತಿ ಕೊಡುವವರೂ ಅಷ್ಟೇ. 2006ರಲ್ಲಿ ಇಟಲಿಯ ಕನ್ನವಾರೊ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬಾಲನ್ ಡಿ'ಓರ್ ಗೆದ್ದ ಮೇಲೆ ಒಬ್ಬ ಡಿಫೆಂಡರ್‌ಗೂ ಅದು ಸಿಕ್ಕಿಲ್ಲ. ಮುಂದಿನ ಸಂಚಿಕೆಯಲ್ಲಿ ಕನ್ನವಾರೊ ಬಗ್ಗೆ ಬರೆಯುತ್ತೇನೆ. ಓದಿ, ಇಷ್ಟವಾಗದಿದ್ದರೆ ಇನ್ನೊಂದು ಪತ್ರ ಹಾಕಿ.

– ಸಂಪಾದಕ