ಪೇಟ ತೆಗೆದಿಟ್ಟು ಅಪ್ಪನ ಬ್ಯಾಗ್ ಹಾಕಿಕೊಳ್ಳಿ

ಪ್ರಶ್ನೆ: ನನಗೆ 29 ವರ್ಷ. ವಾರವೆಲ್ಲ ಆಫೀಸು, ರಜೆ ದಿನ ಜಾದೂ ಶೋ. ಹುಟ್ಟುಹಬ್ಬ, ಸ್ಕೂಲ್ ಡೇ, ಗಣೇಶನ ಹಬ್ಬ, ಎಲ್ಲ ಕಡೆ ಹೋಗುತ್ತೇನೆ. ಪೇಟ, ಶೇರ್ವಾನಿ, 40 ನಿಮಿಷಕ್ಕೆ 15 ಐಟಂ. ಕೈ ತಪ್ಪುವುದಿಲ್ಲ. ಆದರೂ ಶೋ ಮುಗಿದ ಮೇಲೆ ಜನ ‘ಆ ಪೆಟ್ಟಿಗೆ ಎಲ್ಲಿ ಸಿಗುತ್ತೆ?’ ಅಂತಾರೆಯೇ ಹೊರತು ನನ್ನ ಹೆಸರು ಕೇಳುವುದಿಲ್ಲ. ಹೋದ ತಿಂಗಳು ಕರೆಂಟ್ ಹೋಗಿ ಮ್ಯೂಸಿಕ್ ನಿಂತಾಗ ಸುಮ್ನೆ ಮಕ್ಕಳ ಜೊತೆ ಮಾತಾಡಿದೆ. ನಾಣ್ಯ ಹಿಡಿಯುವುದನ್ನು ಕಂಡಕ್ಟರ್ ಆಗಿದ್ದ ಅಪ್ಪನನ್ನು ನೋಡಿ ಕಲಿತೆ ಎಂದೆ. ಅವತ್ತು ಅದಕ್ಕೇ ಜಾಸ್ತಿ ಚಪ್ಪಾಳೆ! ಹೊಸ ಐಟಂ ಕೊಳ್ಳಲಾ, ಇಲ್ಲ ಜಾದೂನೇ ಬಿಡಲಾ?
— ಓದುಗ, ದಾವಣಗೆರೆ

ಉತ್ತರ: ಬಿಡಬೇಡಿ. ಹೊಸ ಐಟಂ ಕೂಡ ಕೊಳ್ಳಬೇಡಿ. ನಿಮಗೆ ಬೇಕಾದ್ದು ಕರೆಂಟ್ ಹೋದ ಆ ಹೊತ್ತಿನಲ್ಲೇ ಸಿಕ್ಕಿದೆ.

ಪೇಟ, ಶೇರ್ವಾನಿ ಎಲ್ಲಿಂದ ಬಂತು ಯೋಚಿಸಿ. ಜಾದೂಗಾರ ಪಿ.ಸಿ. ಸರ್ಕಾರ್ ಮಹಾರಾಜನ ವೇಷದಲ್ಲಿ ದೇಶ ವಿದೇಶ ಸುತ್ತಿದರು. ಅವರಿಗೆ ಒಪ್ಪಿತು. ಆಮೇಲೆ ಊರೂರಿನ ಜಾದೂಗಾರರೂ ಅದನ್ನೇ ತೊಟ್ಟರು. ಆದರೆ ನೀವು ಯಾವ ಊರಿನ ರಾಜ? ಹುಟ್ಟುಹಬ್ಬದ ಮನೆಗೆ ಯಾಕೆ ಬಂದಿರಿ? ಇದಕ್ಕೆ ನಿಮ್ಮಲ್ಲಿ ಉತ್ತರ ಇಲ್ಲ, ಅಲ್ವಾ? ಕಂಡಕ್ಟರ್ ಮಗನ ಹತ್ತಿರ ಇದೆ.

ವೇಲ್ಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ಜಾದೂಗಾರ ಕಾರ್ಡಿನಿ ನನಗೆ ತುಂಬ ಇಷ್ಟ. ಒಂದೇ ಕಣ್ಣಿಗೆ ಕನ್ನಡಕದ ಗಾಜು, ಕೈಗೆ ಬಿಳಿ ಗ್ಲೌಸ್, ಸ್ವಲ್ಪ ಕುಡಿದ ಸಾಹುಕಾರನ ಪಾತ್ರ. ಬೆರಳ ತುದಿಗೆ ಇಸ್ಪೀಟೆಲೆ ಬಂದು ಕೂರುತ್ತಿತ್ತು. ಎಸೆದರೆ ಇನ್ನೊಂದು. ನೋಡುವವರಿಗಿಂತ ಅವರಿಗೇ ಜಾಸ್ತಿ ಗಾಬರಿ! ಜಾದೂ ಅವರು ಮಾಡಿದ್ದಲ್ಲ, ಅವರಿಗೆ ಆದದ್ದು. ನಿಮ್ಮ ಪಾತ್ರ ಜಾದೂ ಮಾಡುತ್ತದೋ, ಅದಕ್ಕೆ ಜಾದೂ ಆಗುತ್ತದೋ? ಇದೊಂದು ಗೊತ್ತಾದರೆ ಮಾತು, ನಡಿಗೆ, ನೋಟ ಎಲ್ಲ ದಾರಿಗೆ ಬರುತ್ತವೆ.

ಗಾಳಿಯಿಂದ ನಾಣ್ಯ ಹಿಡಿಯುವ ಹಳೇ ಐಟಂ ಇದೆಯಲ್ಲ, ಅದನ್ನೇ ತಗೊಳ್ಳಿ. ನಾಣ್ಯ ಹಾಕುವ ಟೋಪಿ ಬದಲು ಹೆಗಲಿಗೆ ಚರ್ಮದ ಬ್ಯಾಗ್. ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲ. ಟಿಕೆಟ್ ಹಿಂದೆ ಬಾಕಿ ಬರೆದು ‘ಇಳಿಯುವಾಗ ತಗೊಳ್ಳಿ’ ಅನ್ನುತ್ತಾನೆ. ಅಷ್ಟರಲ್ಲಿ ಹುಡುಗನ ಕಿವಿ ಹಿಂದೆ ಒಂದು ರೂಪಾಯಿ. ಅಜ್ಜಿಯ ಎಲೆಅಡಿಕೆ ಚೀಲದ ಹತ್ತಿರ ಇನ್ನೊಂದು. ಬ್ಯಾಗಿಗೆ ಠಣ್ ಅಂತ ಬಿದ್ದಾಗ ಅವನಿಗೇ ನಂಬಿಕೆ ಬರುವುದಿಲ್ಲ. ಸ್ಟಾಪ್ ಬರುವುದರೊಳಗೆ ಎಲ್ಲರ ಬಾಕಿ ತೀರಿಸಬೇಕು. ಈಗ ಜನ ನಾಣ್ಯವನ್ನಲ್ಲ, ಅವನ ಮುಖವನ್ನು ನೋಡುತ್ತಾರೆ.

15 ಐಟಂ ಬೇಡ, ಆರು ಸಾಕು. ಅರ್ಜೆಂಟೀನಾದ ಜಾದೂಗಾರ ರೆನೆ ಲಾವಾಂಡ್ 9ನೇ ವಯಸ್ಸಿಗೇ ಬಲಗೈ ಕಳೆದುಕೊಂಡವರು. ಉಳಿದ ಒಂದು ಕೈ, ಒಂದು ಕಪ್, ಮೂರು ಬ್ರೆಡ್ ಚೂರು. ಒಂದನ್ನು ಬಿಸಾಡಿದರೂ ಕಪ್ಪಿನೊಳಗೆ ಮತ್ತೆ ಮೂರು. ಮತ್ತೆ ಮಾಡುವಾಗ ಇನ್ನೂ ನಿಧಾನ. ಆ ನಿಧಾನಕ್ಕೇ ಜನ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ನಾಣ್ಯ ಮಾಯವಾದ ಮೇಲೆ ನೀವೂ ಒಂದು ಕ್ಷಣ ಸುಮ್ಮನಿರಿ. ಖಾಲಿ ಅಂಗೈಯನ್ನು ಮೊದಲು ನೀವು ನೋಡಿ.

ಮೊದಮೊದಲು ಪೇಟ ಇಲ್ಲದೆ ನಿಂತರೆ ಮುಜುಗರ ಆಗುತ್ತದೆ. ದೊಡ್ಡ ಸ್ಟೇಜ್ ಹತ್ತುವ ಮೊದಲು ನಿಮ್ಮ ಬೀದಿಯ ಮಕ್ಕಳ ಮುಂದೆ ನಾಲ್ಕಾರು ಸಲ ಆಡಿ. ಅದಕ್ಕೂ ಮೊದಲು, ಬರುವ ಭಾನುವಾರ ಅಪ್ಪನ ಮುಂದೆ ಕೂತುಕೊಳ್ಳಿ. ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸುವುದನ್ನು ಇನ್ನೊಮ್ಮೆ ಮಾಡಿ ತೋರಿಸಿ ಎಂದು ಕೇಳಿ.