ಸೈಟಿಗೆ ಮಣ್ಣು ಹೊಡೆಸುವ ಮೊದಲು ಇದನ್ನು ಓದಿ

ಕೈತೋಟಕ್ಕೆ ಮಳೆನೀರು ನುಗ್ಗುತ್ತದೆ, ಮಣ್ಣು ಹೊಡೆಸಿ ಎರಡಡಿ ಎತ್ತರ ಮಾಡಿ, ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿ, ಚಾವಣಿ ಪೈಪನ್ನು ರಸ್ತೆಗೆ ಬಿಡ್ತೀನಿ ಅಂತ ನೀವು ಅಂದುಕೊಂಡಿರಬಹುದು. ದಯವಿಟ್ಟು ಬೇಡ. ನಾನೂ ಹೀಗೇ ಮಾಡಿಸಿದ್ದೆ. ನನ್ನ ಗಿಡ ಉಳಿದವು, ಹಿಂದಿನ ಸಾಲಿನ ಬಾಡಿಗೆ ಮನೆಗಳಿಗೆ ನೀರು ನುಗ್ಗಿತು.

ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. 100 ಚದರ ಮೀಟರ್ ಚಾವಣಿಗೆ 50 ಮಿ.ಮೀ. ಬಿದ್ದರೆ 5,000 ಲೀಟರ್. ನೀವು ಎತ್ತರಿಸಿದರೆ ಅದು ತಗ್ಗಿನವರ ಪಾಲು. ನೀರು ನಿಲ್ಲುವ ಜಾಗಕ್ಕೆ ಬೆಲೆ ಕಡಿಮೆ, ಬಾಡಿಗೆಯೂ ಕಡಿಮೆ. ಹಾಗಾಗಿ ಕೈಯಲ್ಲಿ ದುಡ್ಡಿಲ್ಲದವರೇ ಅಲ್ಲಿರುತ್ತಾರೆ. ಬಾಡಿಗೆದಾರರು ಮಣ್ಣು ಹೊಡೆಸೋದು ಹೇಗೆ? ಓನರ್‌ಗೆ ಬಾಡಿಗೆ ಬಂದರೆ ಸಾಕು. ಮೇಲಿನವರೆಲ್ಲ ಒಬ್ಬರಾದ ಮೇಲೊಬ್ಬರು ಎತ್ತರಿಸುತ್ತಾರೆ, ರಸ್ತೆಗೂ ಡಾಂಬರಿನ ಮೇಲೆ ಡಾಂಬರು ಬೀಳುತ್ತದೆ, ಇವರ ಹೊಸ್ತಿಲು ಮಾತ್ರ ಕೆಳಗೇ ಉಳಿಯುತ್ತದೆ.

ಮನೆಗೆ ನೀರು ನುಗ್ಗಿದರೆ "ಪರಿಹಾರ ಸಿಗುತ್ತಲ್ಲ" ಅಂತ ಕೆಲವರು ಅನ್ನುತ್ತಾರೆ. ಅದೂ ಎಲ್ಲರಿಗೂ ಸಮನಾಗಿ ಸಿಗಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಮುಳುಗಿತು. ಮನೆ ಮತ್ತೆ ಕಟ್ಟಲು ನೆರವು ಕೊಡುವ ಆಗಿನ 'ರೋಡ್ ಹೋಮ್' ಎಂಬ ಸರ್ಕಾರಿ ಯೋಜನೆಯಲ್ಲಿ ಮನೆಯ ಹಳೇ ಬೆಲೆ, ಮತ್ತೆ ಕಟ್ಟುವ ಖರ್ಚು, ಎರಡರಲ್ಲಿ ಕಡಿಮೆ ಯಾವುದೋ ಅದರ ಮೇಲೆ ನೆರವಿನ ಲೆಕ್ಕ ಹಾಕಿದರು. ಕಪ್ಪು ಜನರ ಬಡಾವಣೆಗಳಲ್ಲಿ ಮನೆ ಬೆಲೆ ಮೊದಲೇ ಕಡಿಮೆ. ಅಷ್ಟೇ ಹಾಳಾದ ಮನೆಗೂ ಅವರಿಗೆ ಸಿಕ್ಕಿದ್ದು ಕಡಿಮೆ. ಇದು ತಾರತಮ್ಯ ಅಂತ ಕೇಸು ನಡೆದು ರಾಜಿಯಾಗಿದ್ದು 2011ರಲ್ಲಿ.

ನನಗೆ ಕೆಲಸ ಮಾಡಿದ್ದು ಮಳೆತೋಟ, ಅಂದರೆ ಮಳೆನೀರು ನಿಂತು ಇಂಗುವಂತೆ ತಗ್ಗು ಮಾಡಿ ಗಿಡ ನೆಟ್ಟ ಜಾಗ. ಚಾವಣಿ ಪೈಪಿನ ಬಾಯಿಂದ ಇಳಿಜಾರು ನೋಡಿ, ಪಾಯದಿಂದ 3 ಮೀಟರ್ ದೂರದಲ್ಲಿ, 15–20 ಸೆಂ.ಮೀ. ಆಳದ ಅಗಲ ತಗ್ಗು. ತಳ ಸಮ ಇರಲಿ. ಮೊದಲು ಅಲ್ಲೇ ಸಣ್ಣ ಗುಂಡಿ ತೋಡಿ ನೀರು ತುಂಬಿಸಿ ನೋಡಿ. ಒಂದು ದಿನದಲ್ಲಿ ಇಂಗದಿದ್ದರೆ ಜೇಡಿ ಜಾಸ್ತಿ ಅಂತ ಅರ್ಥ, ಮರಳು, ಕಾಂಪೋಸ್ಟ್ ಬೆರೆಸಬೇಕು. ಎರಡು ದಿನಕ್ಕಿಂತ ಜಾಸ್ತಿ ನೀರು ನಿಂತರೆ ಹೆಚ್ಚಿನ ಗಿಡಗಳ ಬೇರು ಕೊಳೆಯಬಹುದು, ವಾರ ಬಿಟ್ಟರೆ ಸೊಳ್ಳೆ. ನೆಲದಡಿ ನೀರು ಮೇಲೇ ಇದ್ದರೆ, ಹತ್ತಿರ ಸೆಪ್ಟಿಕ್ ಟ್ಯಾಂಕ್ ಇದ್ದರೆ ಇದು ಬೇಡವೇ ಬೇಡ. 10 ಚದರ ಮೀಟರ್ ತೋಟ 20 ಸೆಂ.ಮೀ. ತುಂಬಿದರೆ 2,000 ಲೀಟರ್ ಮಾತ್ರ. ಉಳಿದದ್ದಕ್ಕೆ ಟ್ಯಾಂಕ್ ಇಡಿ. ಹೆಚ್ಚಾದ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಅನ್ನೋದನ್ನೂ ಈಗಲೇ ನೋಡಿ. ಪಕ್ಕದವರ ಗೋಡೆ ಕಡೆಗಂತೂ ಬಿಡಬೇಡಿ.

ಅಂಗಳಕ್ಕೆ ನೀರು ಇಂಗುವ ಟೈಲ್ಸ್ ಅಂತ ಯಾವ ಕಂಪನಿ ಮಾರಿದರೂ ಸಂದಿನಲ್ಲಿ ಹೂಳು ಕಟ್ಟದಂತೆ ತೊಳೆಯುತ್ತಿರಬೇಕು. ಇಲ್ಲದಿದ್ದರೆ ಅದೂ ಸಿಮೆಂಟೇ. ಅದಕ್ಕಿಂತ ಬರೀ ಜಲ್ಲಿ ಮೇಲು. ಮಳೆತೋಟಕ್ಕೆ ಕಾಬಾಳೆ, ಲಾವಂಚ ಹಾಕಿ, ಎರಡೂ ನೀರು ನಿಂತರೂ ತಾಳಿಕೊಳ್ಳುತ್ತವೆ. ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ಹಸಿ ತೊಗಟೆ ಹಾಕಬೇಡಿ, ಅದು ತೇಲಿ ಹೋಗಿ ಚರಂಡಿ ಕಟ್ಟಿಕೊಳ್ಳುತ್ತದೆ.

ಇನ್ನೊಂದು. ಚರಂಡಿ ಕಟ್ಟಿಕೊಂಡಿದೆ ಅಂತ ದೂರು ಕೊಡುವಾಗ ನಿಮ್ಮ ಗೇಟಿನ ಮುಂದಿನದನ್ನಷ್ಟೇ ಬರೆಯಬೇಡಿ. ಕೆಳಗಿನ ಬೀದಿಗೆ ಹೋಗಿ ಫೋಟೊ ತೆಗೆಯಿರಿ, ಅಲ್ಲಿನವರ ಸಹಿಯನ್ನೂ ಹಾಕಿಸಿ. ಅವರೊಬ್ಬರೇ ಕೊಟ್ಟರೆ ಫೈಲು ಕದಲಲ್ಲ.