ಚನ್ನಪಟ್ಟಣದ ಗಿಲಕಿ ಯುರೋಪಿಗೆ ಹೋಗಬೇಕು: ಸಿಇ ಗುರುತು ಯಾರು ಕೊಡುತ್ತಾರೆ?

ಪ್ರಶ್ನೆ: ನಮ್ಮದು ಚನ್ನಪಟ್ಟಣ. ಮೂರು ತಲೆಮಾರಿನಿಂದ ಮರದ ಆಟಿಕೆ ಮಾಡುತ್ತಿದ್ದೇವೆ. ಜರ್ಮನಿಯ ಅಂಗಡಿಯವರೊಬ್ಬರು ಗಿಲಕಿ ಮತ್ತು ದಾರ ಕಟ್ಟಿ ಎಳೆಯುವ ರೈಲು ಕೇಳಿದ್ದಾರೆ. ಸಿಇ ಗುರುತು ಇರಲೇಬೇಕಂತೆ. ಏಜೆಂಟ್ ಒಬ್ಬರು ವಾರದೊಳಗೆ ‘ಸಿಇ ಸರ್ಟಿಫಿಕೇಟ್’ ಮಾಡಿಸಿಕೊಡುತ್ತೇನೆ, ಸ್ಯಾಂಪಲ್ ಕೂಡ ಬೇಡ ಅಂತಾರೆ. ನಾವು ಹಾಕುವುದು ಅರಗು, ಅರಿಸಿನದಂಥ ಬಣ್ಣ. ಜಿಐ (ಭೌಗೋಳಿಕ ಗುರುತು) ಟ್ಯಾಗ್ ಕೂಡ ಇದೆ. ಏನು ಮಾಡಲಿ?

ಉತ್ತರ: ಮೊದಲು, ಆ ಏಜೆಂಟರಿಗೆ ಮುಂಗಡ ಕೊಡಬೇಡಿ. ಸ್ಯಾಂಪಲ್ ನೋಡದೆ ಕೊಡುವ ಕಾಗದಕ್ಕೆ ಯುರೋಪಿನಲ್ಲಿ ಬೆಲೆ ಇಲ್ಲ.

ಸಿಇ ಗುರುತನ್ನು ಯಾವ ಸರಕಾರಿ ಕಚೇರಿಯೂ ಕೊಡುವುದಿಲ್ಲ. ನಮ್ಮ ಐಎಸ್‌ಐ ಗುರುತಿಗೆ ಭಾರತೀಯ ಮಾನಕ ಬ್ಯೂರೋದಿಂದ (ಬಿಐಎಸ್) ಲೈಸೆನ್ಸ್ ಪಡೆಯಬೇಕು. ಅದೇ ಅಭ್ಯಾಸದಲ್ಲಿ ಸಿಇಗೂ ಒಂದು ಆಫೀಸು ಇರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಿಇ ಅಂದರೆ ತಯಾರಕರು ತಾವೇ ಕೊಡುವ ಮಾತು: ‘ಈ ವಸ್ತು ಯುರೋಪಿನ ಸುರಕ್ಷತಾ ಕಾನೂನಿನ ಪ್ರಕಾರ ಇದೆ, ಇದಕ್ಕೆ ನಾನೇ ಜವಾಬ್ದಾರ.’ ಆ ಘೋಷಣೆಗೆ ಸಹಿ ನಿಮ್ಮದು, ಏಜೆಂಟರದ್ದಲ್ಲ. ನಾಳೆ ತೊಂದರೆಯಾದರೆ ಅವರು ಫೋನ್ ಎತ್ತದೆ ಇರಬಹುದು. ನಿಮ್ಮ ಹೆಸರು ಮಾತ್ರ ಡಬ್ಬಿಯ ಮೇಲೇ ಇರುತ್ತದೆ.

ಜಿಐ ವಿಷಯಕ್ಕೆ ಬರೋಣ. 2021ರ ಜನವರಿ 1ರಿಂದ ನಮ್ಮಲ್ಲಿ ಆಟಿಕೆಗೆ ಐಎಸ್‌ಐ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ ಆಟಿಕೆಗಳಿಗೆ ವಿನಾಯಿತಿ ಸಿಕ್ಕಿತು. ಯುರೋಪಿನಲ್ಲಿ ಕೈಕಸುಬಿಗೆ ಅಂಥ ವಿನಾಯಿತಿ ಇಲ್ಲ. ಹತ್ತು ಗಿಲಕಿ ಮಾಡುವವರಿಗೂ ಹತ್ತು ಲಕ್ಷ ಮಾಡುವವರಿಗೂ ಕಾನೂನು ಒಂದೇ. ಸಣ್ಣ ಕಸುಬುದಾರರಿಗೆ ಇದು ಭಾರ ಅನ್ನುವುದು ನಿಜ. ಆದರೆ ಗಿಲಕಿ ಹೋಗುವುದು ಮಗುವಿನ ಬಾಯಿಗೆ, ಅಲ್ವಾ? ಈ ಒಂದು ವಿಷಯದಲ್ಲಿ ನಾನು ಆ ಕಾನೂನಿನ ಪರ.

ಈಗ ಜಾರಿಯಲ್ಲಿರುವುದು 2009ರ ಆಟಿಕೆ ಸುರಕ್ಷತಾ ನಿರ್ದೇಶನ. ಪರೀಕ್ಷೆ ನಡೆಯುವುದು ಇಎನ್ 71 ಅನ್ನುವ ಮಾನದಂಡದಂತೆ. ಮರದ ಆಟಿಕೆಗೆ ಅದರ ಮೂರು ಭಾಗ ಮುಖ್ಯ: ಮೊದಲನೆಯದು ಗಟ್ಟಿತನ ಮತ್ತು ಬಿಡಿಭಾಗ, ಎರಡನೆಯದು ಬೆಂಕಿ, ಮೂರನೆಯದು ಬಣ್ಣದಿಂದ ಬಿಡುವ ಲೋಹ. ನಿಮ್ಮ ಆಟಿಕೆಯ ಎಲ್ಲ ಅಪಾಯಗಳೂ ಈ ಮಾನದಂಡದೊಳಗೆ ಬಂದರೆ ಯುರೋಪಿನ ತಪಾಸಣಾ ಸಂಸ್ಥೆಯ ಬಳಿ ಹೋಗಬೇಕಾಗಿಲ್ಲ. ನಮ್ಮ ದೇಶದಲ್ಲೇ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕೊಡಿ. ಆ ಮಾನ್ಯತೆಯಲ್ಲಿ ಇಎನ್ 71 ಸೇರಿದೆಯಾ ಅಂತ ಮೊದಲೇ ಕೇಳಿ.

ನಿಮ್ಮ ರೈಲಿನ ಬಗ್ಗೆಯೇ ನನಗೆ ಜಾಸ್ತಿ ಚಿಂತೆ. ಲ್ಯಾಬ್‌ನಲ್ಲಿ ಒಂದು ಪುಟ್ಟ ಸಿಲಿಂಡರ್ ಇಟ್ಟಿರುತ್ತಾರೆ. ಒಳಗಿನ ಅಗಲ 31.7 ಮಿ.ಮೀ. ತಳ ಓರೆ: ಒಂದು ಬದಿ 25.4 ಮಿ.ಮೀ. ಆಳ, ಎದುರು ಬದಿ 57.1. 3 ವರ್ಷದೊಳಗಿನ ಮಗುವಿನ ಗಂಟಲಿಗೆ ಏನು ಇಳಿಯಬಹುದು ಅನ್ನುವುದಕ್ಕೆ ಇದೇ ಅಳತೆಗೋಲು. ಆಟಿಕೆಯನ್ನು ಸುಮಾರು 85 ಸೆಂ.ಮೀ. ಎತ್ತರದಿಂದ ಐದು ಸಲ ಬೀಳಿಸುತ್ತಾರೆ, ತಿರುಚುತ್ತಾರೆ, 90 ನ್ಯೂಟನ್ ಬಲ ಹಾಕಿ ಎಳೆಯುತ್ತಾರೆ. ಅಂದರೆ ಸುಮಾರು 9 ಕೆ.ಜಿ. ನೇತು ಹಾಕಿದಷ್ಟು. ಕಳಚಿ ಬಂದ ತುಂಡು ಸಿಲಿಂಡರ್‌ನೊಳಗೆ ಪೂರ್ತಿ ಇಳಿದರೆ ಆಟಿಕೆ ಫೇಲ್.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಮರದ ರೈಲಿನ ಪರೀಕ್ಷೆ ನೋಡುತ್ತಾ ಕೂತಿದ್ದೆ. ಮೂರು ಚಕ್ರ ತಡೆದುಕೊಂಡವು. ನಾಲ್ಕನೆಯದು ಟಕ್ ಅಂತ ಕೈಗೆ ಬಂತು. ಚಕ್ರ ದೊಡ್ಡದು, ಸಿಲಿಂಡರ್‌ಗೆ ಇಳಿಯಲಿಲ್ಲ. ಅದನ್ನು ಹಿಡಿದಿದ್ದ ಗೂಟ ಇಳಿಯಿತು. ನನ್ನ ಕಿರುಬೆರಳಿನ ತುದಿಯಷ್ಟಿತ್ತು ಅದು. ಮಾಡಿದವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ‘ಮರ ಹಸಿ ಇತ್ತು ಸರ್, ಒಣಗಿ ಸಣ್ಣಗಾಗಿದೆ’ ಅಂದರು. ಅಷ್ಟೇ ಕಾರಣ. ಆಲೆ ಮರವನ್ನು ಪೂರ್ತಿ ಒಣಗಿಸಿ, ಗೂಟವನ್ನು ಬಿಗಿಯಾಗಿ ಕೂರಿಸಿದ ಮೇಲೆ ಪಾಸಾಯಿತು. ನೀವು ಲ್ಯಾಬ್‌ಗೆ ದುಡ್ಡು ಕಟ್ಟುವ ಮೊದಲು ಮನೆಯಲ್ಲೇ ಚಕ್ರ ಎಳೆದು ನೋಡಿ, ನೆಲಕ್ಕೆ ಬೀಳಿಸಿ ನೋಡಿ. ಗಿಲಕಿಯ ತುದಿಯ ಆಕಾರ ಪರೀಕ್ಷಿಸಲು ಲ್ಯಾಬ್‌ನಲ್ಲಿ ಬೇರೆಯೇ ಅಚ್ಚು ಇದೆ. ಎಳೆಯುವ ದಾರದ ಉದ್ದಕ್ಕೂ ಮಿತಿ ಇದೆ. ಎರಡನ್ನೂ ಲ್ಯಾಬ್‌ನವರ ಹತ್ತಿರ ಕೇಳಿಕೊಂಡೇ ಲೇತ್‌ಗೆ ಮರ ಹಾಕಿ.

‘3 ವರ್ಷದೊಳಗಿನ ಮಕ್ಕಳಿಗೆ ಅಲ್ಲ’ ಅನ್ನುವ ಚೀಟಿ ಅಂಟಿಸಿ ಪಾರಾಗಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗಿಲಕಿ ಹಸುಗೂಸಿನದ್ದು ಅನ್ನುವುದು ನೋಡಿದವರಿಗೇ ಗೊತ್ತಾಗುತ್ತದೆ. ಅಂಥ ಆಟಿಕೆಗೆ ಆ ಎಚ್ಚರಿಕೆ ಹಾಕುವಂತೆಯೇ ಇಲ್ಲ.

ಅರಿಸಿನದ ಬಣ್ಣ ಒಳ್ಳೆಯದೇ. ಆದರೂ ಪರೀಕ್ಷೆ ತಪ್ಪದು, ಅದೂ ಪ್ರತಿ ಬಣ್ಣಕ್ಕೆ. ಕೆರೆದು ತೆಗೆದ ಬಣ್ಣದಿಂದ ಹೊರಬರುವ ಸೀಸ ಕಿಲೋಗೆ 23 ಮಿಲಿಗ್ರಾಂ ದಾಟಬಾರದು. ಸೀಸ ಒಂದೇ ಅಲ್ಲ, ಇನ್ನೂ ಹಲವು ಲೋಹಗಳಿಗೆ ಮಿತಿ ಇದೆ. ಪೇಟೆಯ ಹಳದಿ, ಕೇಸರಿ ಪುಡಿಗಳಲ್ಲಿ ಸೀಸ ಇರುವ ಲೆಡ್ ಕ್ರೋಮೇಟ್ ಇರಬಹುದು. ಹಾಗಾಗಿ ಅರಗಿನ ಕಡ್ಡಿಗೆ ಬೆರೆಸಿದ ಪುಡಿ ಯಾರಿಂದ ಬಂತು, ಯಾವ ದಿನ, ಯಾವ ಚೀಲ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಪುಡಿ ಕೊಡುವವರು ಬದಲಾದರೆ ಹಳೆಯ ರಿಪೋರ್ಟ್ ನಿಮ್ಮನ್ನು ಕಾಪಾಡುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ರಿಪೋರ್ಟ್, ಅಪಾಯಗಳ ವಿಶ್ಲೇಷಣೆ, ವಿನ್ಯಾಸದ ಚಿತ್ರ, ಕಚ್ಚಾವಸ್ತುಗಳ ಪಟ್ಟಿ, ಸಹಿ ಹಾಕಿದ ಘೋಷಣೆ ಎಲ್ಲ ಸೇರಿ ಒಂದು ಫೈಲ್ ಆಗಬೇಕು. 10 ವರ್ಷ ಇಟ್ಟುಕೊಳ್ಳಬೇಕು. ಇದೆಲ್ಲ ಆದ ಮೇಲೆಯೇ ಸಿಇ ಗುರುತು ಹಾಕಿ, ಕನಿಷ್ಠ 5 ಮಿ.ಮೀ. ಎತ್ತರ. ಜೊತೆಗೆ ನಿಮ್ಮ ಹೆಸರು, ವಿಳಾಸ, ಬ್ಯಾಚ್ ನಂಬರ್. ಜರ್ಮನಿಯವರು ಆಮದು ಮಾಡಿಕೊಳ್ಳುವುದರಿಂದ ಅವರ ಹೆಸರು, ವಿಳಾಸವೂ ಬೇಕು. ಅವರು ತಮ್ಮ ಬ್ರ್ಯಾಂಡ್ ಹಾಕಿ ಮಾರಿದರೆ ಕಾನೂನಿನ ಕಣ್ಣಲ್ಲಿ ಅವರೇ ತಯಾರಕರು. ಇದನ್ನು ಮೊದಲೇ ಬರಹದಲ್ಲಿ ಮಾಡಿಕೊಳ್ಳಿ.

ಹೊಸ ಆಟಿಕೆ ನಿಯಮವೂ ಬಂದಿದೆ. 2030ರ ಆಗಸ್ಟ್ 1ರಿಂದ ಅನ್ವಯ. ಆಗ ಘೋಷಣೆಯ ಜಾಗದಲ್ಲಿ ಡಿಜಿಟಲ್ ಪ್ರಾಡಕ್ಟ್ ಪಾಸ್‌ಪೋರ್ಟ್, ಅಂದರೆ ಆಟಿಕೆಯ ಸುರಕ್ಷತಾ ವಿವರಗಳ ಆನ್‌ಲೈನ್ ದಾಖಲೆ, ಬರುತ್ತದೆ. ಇವತ್ತು ಆ ನೋಟ್‌ಬುಕ್ ಸರಿಯಾಗಿ ಬರೆದವರಿಗೆ ಅದು ಕಷ್ಟವಾಗದು.

ಪ್ರಶ್ನೆ: ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ. ಊರಿನಿಂದ ಇಳಕಲ್ ಸೀರೆ, ಮರದ ಬಟ್ಟಲು, ಅಲಂಕಾರದ ಗೊಂಬೆ ತರಿಸಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಎಲ್ಲದಕ್ಕೂ ಸಿಇ ಹಾಕಿದರೆ ಕ್ಷೇಮ ಅಲ್ವಾ?

ಉತ್ತರ: ಅಲ್ಲ. ಕಾನೂನು ಕೇಳದ ವಸ್ತುವಿಗೆ ಸಿಇ ಹಾಕುವುದೇ ತಪ್ಪು. ಸೀರೆಗೂ ಬಟ್ಟಲಿಗೂ ಸಿಇ ಇಲ್ಲ. ಅವುಗಳಿಗೆ 2024ರ ಡಿಸೆಂಬರ್ 13ರಿಂದ ಅನ್ವಯವಾದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮ ಇದೆ. ತಯಾರಕರ ವಿವರವನ್ನೂ ಯುರೋಪಿನೊಳಗಿನ ಜವಾಬ್ದಾರರ ವಿವರವನ್ನೂ ಮಾರಾಟದ ಪುಟದಲ್ಲೇ ಕೊಡಬೇಕು. ಇಲ್ಲಿ ತರಿಸುವವರು ನೀವೇ, ಆದ್ದರಿಂದ ಆ ಜವಾಬ್ದಾರರೂ ನೀವೇ. ಊಟಕ್ಕೆ ಬಳಸುವ ಬಟ್ಟಲಾದರೆ ಆಹಾರ ಮುಟ್ಟುವ ವಸ್ತುಗಳ ನಿಯಮವೂ ಸೇರುತ್ತದೆ.

ಗೊಂಬೆಯ ವಿಷಯದಲ್ಲಿ ಹುಷಾರು. ಸುಮ್ನೆ ‘ಅಲಂಕಾರಕ್ಕೆ ಮಾತ್ರ’ ಅಂತ ಬರೆದರೆ ಆಟಿಕೆ ಅಲಂಕಾರದ ವಸ್ತು ಆಗುವುದಿಲ್ಲ. ಮಗು ಆಡಲಿ ಅನ್ನುವಂತೆ ಬಣ್ಣ, ಗಾತ್ರ, ಚಕ್ರ ಇದ್ದರೆ ಅಧಿಕಾರಿಗಳು ಅದನ್ನು ಆಟಿಕೆ ಅಂತಲೇ ನೋಡುತ್ತಾರೆ. ಮಾರುಕಟ್ಟೆಯಿಂದ ಹಿಂದೆ ತೆಗೆಸಿದ ವಸ್ತುಗಳನ್ನು ಯುರೋಪಿಯನ್ ಒಕ್ಕೂಟ ‘ಸೇಫ್ಟಿ ಗೇಟ್’ ಅನ್ನುವ ತಾಣದಲ್ಲಿ ಫೋಟೋ ಸಮೇತ ಹಾಕುತ್ತದೆ. ಅಲ್ಲಿ ಮರದ ಆಟಿಕೆಗಳನ್ನು ಹುಡುಕಿ, ಫೇಲ್ ಆದ ಕಾರಣ ಓದಿ. ಒಂದು ಸಂಜೆ ಸಾಕು, ಬಹಳ ಕಲಿಯುತ್ತೀರಿ.

ಪ್ರಶ್ನೆ: ಸಿಇ ಗುರುತಿನ ಎರಡು ಅಕ್ಷರ ಹತ್ತಿರ ಹತ್ತಿರ ಇದ್ದರೆ ಅದು ‘ಚೈನಾ ಎಕ್ಸ್‌ಪೋರ್ಟ್’ ಅಂತಾರೆ, ನಿಜವೇ?

ಉತ್ತರ: ಅಂಥ ಅಧಿಕೃತ ಗುರುತೇ ಇಲ್ಲ. ಅದು ಅಳತೆ ತಪ್ಪಿದ ಸಿಇ ಅಷ್ಟೆ. ಆದರೆ ಅಳತೆ ತಪ್ಪುವುದೂ ದೋಷವೇ. ನಿಮ್ಮ ಪ್ರಿಂಟಿಂಗ್‌ನವರಿಗೆ ಯುರೋಪಿಯನ್ ಕಮಿಷನ್ ತಾಣದ ಮೂಲ ಚಿತ್ರವನ್ನೇ ಕೊಡಿ.

ಪ್ರಶ್ನೆ: ಬ್ರಿಟನ್‌ಗೆ ಬೇರೆ ಗುರುತು ಬೇಕೇ?

ಉತ್ತರ: ಯುಕೆಸಿಎ ಅನ್ನುವ ಗುರುತು ಇದೆ. ಆದರೆ ಆಟಿಕೆಗೆ ಸಿಇ ಇದ್ದರೂ ಅಲ್ಲಿ ಒಪ್ಪುತ್ತಾರೆ. ಬ್ರಿಟನ್‌ನ ಆಮದುದಾರರ ಹೆಸರು, ವಿಳಾಸ ಮಾತ್ರ ಬೇರೆಯಾಗಿ ಹಾಕಬೇಕು. ಜರ್ಮನಿಯವರ ವಿಳಾಸ ಅಲ್ಲಿಗೆ ಸಲ್ಲುವುದಿಲ್ಲ.